ಬರಿ ಲಾಳಿ

"ಏ ರಂಡೇ, ದೀಪ ಹತ್ತೇತಿ, ಕಣ್ಣ ಕಾಣವಲ್ವೇನ? ಕೈ ಮುಗಿ!"

ವೀರು ಸಾವಕಾರ ಹೀಗೆ ಒದರಿದ್ದು ಶಮಶಾದಬಿಗೆ. ಅವಳು ಲಾಳಿ ಬಿಟ್ಟು, ಎರಡೂ ಕೈ ಜೋಡಿಸಿ, ಎದುರಿನ ಕ್ಯಾಮೆರಾಕ್ಕೆ ಹಲ್ಲು ಕಿರಿದಳು. ಮಗ್ಗದ ಮೇಲಿನ ಕೆಂಪು ದೀಪ ಆರಿತು. ಲಾಳಿ ಹಿಡಿದು ನಾಲ್ಕೆಳೆ ನೇಯುವಷ್ಟರಲ್ಲಿ ಮತ್ತೆ ಹತ್ತಿತು.

ಬೆಟಗೇರಿಯ ಈ ಮಗ್ಗದ ಶೆಡ್ಡು ವೀರುವಿನ ಅಪ್ಪನದು. ಮಗ್ಗಗಳೂ ಅವರವೇ, ಕೈಕಾಲು ಮಾತ್ರ ನಮ್ಮವು. ನಾನು ಹನಮಂತವ್ವ. ಶಮಶಾದಬಿಯ ಎದುರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಮುದುಕಿಯಾದವಳು. ವೀರು ತಮ್ಮ ಸೀರೆ ಅಂಗಡಿಗೆ ವೆಬ್‌ಸೈಟು ಮಾಡಿಸುವಾಗ ಕ್ಯಾಮೆರಾ ಇಡಲು ಜಾಗ ಸಾಲಲಿಲ್ಲ. ನನ್ನ ಮಗ್ಗ ಕಿತ್ತರು, ಕುಣಿ ಮುಚ್ಚಿದರು, ಕಟ್ಟಿಗೆ ಸಾವಕಾರರ ನೀರೊಲೆಗೆ ಹೋಯಿತು. ಪಾಪ, ಅಷ್ಟು ವರ್ಷ ಅವರ ಮೈ ಮುಚ್ಚಿದ ಮಗ್ಗ, ಕೊನೆಗೆ ಮೈ ತೊಳೆಯಲೂ ಬಿಸಿನೀರು ಕಾಸಿಕೊಟ್ಟಿತು.

ವೆಬ್‌ಸೈಟು ಮಾಡಿದವಳು ಹುಬ್ಬಳ್ಳಿಯ ಶಿವರಂಜನಿ. ಒಳ್ಳೆಯ ಹುಡುಗಿ, ನಮ್ಮನ್ನು ಅಮ್ಮಾ ಎಂದೇ ಕರೆಯುತ್ತಿದ್ದಳು. "ಇದು ಇಂಟರ್‌ಆ್ಯಕ್ಟಿವ್ ಅಮ್ಮಾ. ನೋಡೋರು ಫೋನಲ್ಲಿ ನಿಮ್ಮನ್ನ ಮುಟ್ಟಿದ್ರೆ ಇಲ್ಲಿ ದೀಪ ಹತ್ತುತ್ತೆ. ನೀವು ನಮಸ್ಕಾರ ಮಾಡ್ತೀರಿ. ಒಂದು ಸಂಬಂಧ ಬೆಳೆಯುತ್ತೆ," ಎಂದು ಬಿಡಿಸಿ ಹೇಳಿದ್ದಳು. ಸಂಬಂಧ ಬೆಳೆಯಿತು. ಎಲ್ಲೋ ಯಾರೋ ಹೊತ್ತು ಹೋಗದೆ ಬೆರಳು ಒತ್ತುತ್ತಿದ್ದರು, ಇಲ್ಲಿ ಇವಳು ಕೈ ಮುಗಿಯುತ್ತಿದ್ದಳು. ಸನ್ನೆ ಮಾಡಿ ಕರೆದ ನಾಯಿಗಾದರೂ ಒಂದು ತುಂಡು ರೊಟ್ಟಿ ಒಗೆಯುತ್ತಾರೆ.

ಶಮಶಾದಬಿಯ ಹಣೆಗೆ ದಿನಾ ಕುಂಕುಮ ಹಚ್ಚಿಸಿದರು. ಪರದೆಯ ಮೇಲೆ ಅವಳ ಹೆಸರು ಗೌರಮ್ಮ. "ನಿನ್ನ ಹೆಸರ ಹಾಕಿದ್ರ ಹಬ್ಬದ ಸೀರಿ ಯಾರ ತಗೋತಾರ?" ಎಂದಿದ್ದ ವೀರು.

"ಸತ್ತ ಮ್ಯಾಲ ಆ ಮ್ಯಾಲಿನಾಂವಗ ನನ್ನ ಗುರ್ತ ಸಿಕ್ಕರ ಸಾಕ ನೋಡ, ಹನಮಂತಿ," ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಹೆಸರು ಹೋದದ್ದನ್ನು ಅವಳು ನುಂಗಿಕೊಂಡಳು. ಸೀರೆ ಕೆಟ್ಟದ್ದನ್ನು ನುಂಗಲಾಗಲಿಲ್ಲ. ಮಗ್ಗ ನಿಲ್ಲಿಸಿ ಮತ್ತೆ ಶುರುಮಾಡಿದಲ್ಲೆಲ್ಲ ಬಟ್ಟೆಯಲ್ಲಿ ಒಂದು ಗೀರು ಉಳಿಯುತ್ತದೆ. ದೀಪ ಹತ್ತಿದಷ್ಟು ಸಲ ಗೀರು. ಅವಳು ಮಗ್ಗದಲ್ಲಿ ನೇಯ್ದ ಸೆರಗಿನ ಮೇಲೆ ಕೈಯಾಡಿಸಿ ನೋಡಿ, ವೀರುವಿನ ಮುಂದೆ ನಿಂತಳು.

"ಸಾವಕಾರ್ರ, ಹಿಂಗ ನಿಂದ್ರಿಸಿ ನಿಂದ್ರಿಸಿ ನೇಯ್ದ್ರ ಸೀರಿ ಮೈತುಂಬ ಗೀರು ಬೀಳತಾವ್ರಿ. ಸೀರಿ ಮುಗಿಯೂದೂ ಇಲ್ಲ."

"ಮುಗಸಂತ ಯಾವ ಬೋಳಿಮಗ ಹೇಳ್ಯಾನ ನಿನಗ? ಕಂಡಿಕಿ ತಗದ ಒಗಿ. ಬರೀ ಲಾಳಿ ಆಡಸು. ನೇಯ್ದಂಗ ಕಂಡ್ರ ಆತು."

ಕಂಡಿಕಿ ಎಂದರೆ ಲಾಳಿಯ ಹೊಟ್ಟೆಯೊಳಗಿನ ನೂಲು. ಅದಿಲ್ಲದ ಲಾಳಿಯನ್ನು ಮಗ್ಗದಲ್ಲಿ ಆಡಿಸುವುದು ನೇಕಾರರ ಮನೆಯಲ್ಲಿ ಮಕ್ಕಳಿಗೂ ನಿಷಿದ್ಧ.

"ಬರೀ ಲಾಳಿ ಒಗೀಬಾರದ್ರಿ ಯಪ್ಪಾ," ಎಂದಳು ಶಮಶಾದಬಿ. "ಬರೀ ತೊಟ್ಟಲಾ ತೂಗಿದಂಗ ಆಕ್ಕೈತಿ."

"ಹಂಗಾರ ನಿನ್ನ ಮಗ್ಗಾನೂ ಒಲಿಗೆ ಹಾಕೂಣು. ನಾಳೆ ಹಬ್ಬದ ಲೈವ್ ಐತಿ. ಬಾಯಿ ಮುಚ್ಚಿ ಕುಂಡ್ರು."

ಅವಳು ಕಂಡಿಕಿ ತೆಗೆದಳು. ಮಗ್ಗದ ಮುಂದೆ ಕೂತು ಅತ್ತಳು. ಗಂಡ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಹಾಗಾದರೆ ಅಂಗಡಿಯಲ್ಲಿ ಮಾರುತ್ತಿದ್ದದ್ದೇನು? ಅದು ನನ್ನ ಇಲಾಖೆ. ಸೂರತ್ತಿನಿಂದ ಗಂಟುಗಟ್ಟಲೆ ಮಿಲ್ಲಿನ ಸೀರೆ ಬರುತ್ತಿದ್ದವು. ಅವುಗಳ ಚೀಟಿ ಕತ್ತರಿಸಿ ತೆಗೆದು, ಶಮಶಾದಬಿಯ ಚಿತ್ರವಿದ್ದ ಚೀಟಿ ಹೊಲಿಯುವುದು ಮಗ್ಗ ಹೋದ ಮೇಲೆ ನನಗೆ ಕೊಟ್ಟ ಕೆಲಸ. ಚೀಟಿಯ ಮೇಲೆ 'ಗೌರಮ್ಮನ ಕೈಯಿಂದ ನಿಮ್ಮ ಮೈಗೆ' ಎಂದು ಅಚ್ಚಾಗಿತ್ತು. ಅದನ್ನು ಬರೆಯುವಾಗ ಶಿವರಂಜನಿಗೆ ಕಣ್ಣಲ್ಲಿ ನೀರೇ ಬಂದಿತ್ತಂತೆ.

ಮರುದಿನ ಬೆಳಿಗ್ಗೆ ಕಿಟಕಿಗಳಿಗೆಲ್ಲ ಕರಿ ಬಟ್ಟೆ ಹೊಡೆದರು, ಬೆಳಕೆಲ್ಲ ಮಗ್ಗದ ಮೇಲೇ ಬೀಳಲಿ ಎಂದು. ನಾನು ಮೂಲೆಯಲ್ಲಿ ಗಂಟು ಬಿಚ್ಚಿಕೊಂಡು ಕೂತಿದ್ದೆ. ಗಿರಾಕಿಗಳ ಪ್ರಶ್ನೆ ಓದಲು ಶಿವರಂಜನಿ ಲ್ಯಾಪ್‌ಟಾಪು ಹಿಡಿದು ಕ್ಯಾಮೆರಾದ ಪಕ್ಕ ಕೂತಳು. "ಇವತ್ತು ನೋಡೋರಿಗೆ ಧ್ವನಿನೂ ಕೇಳುತ್ತೆ, ಬೇರೆ ಯಾರೂ ಮಾತಾಡಬೇಡಿ," ಎಂದಳು.

ದೀಪ ಹತ್ತಿತು. ಶಮಶಾದಬಿ ಕೈ ಮುಗಿಯಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕಂಡಿಕಿ ತೆಗೆದು, ಲಾಳಿಗೆ ಹಾಕಿ, ನೇಯತೊಡಗಿದಳು. ದೀಪ ಹತ್ತಿಕೊಂಡೇ ಇತ್ತು. ಅವಳು ತಲೆ ಎತ್ತಲಿಲ್ಲ.

ವೀರುವಿಗೆ ಬಾಯಿ ಬಿಡುವ ಹಾಗಿಲ್ಲ, ಮುಂದೆ ಬರುವ ಹಾಗಿಲ್ಲ. ಜಗತ್ತು ನೋಡುತ್ತಿದೆ. ಕ್ಯಾಮೆರಾದ ಹಿಂದೆ ನಿಂತು ತಾನೇ ಕೈ ಮುಗಿದು ತೋರಿಸಿದ. ಸಾವಕಾರನೊಬ್ಬ ನೇಕಾರ್ತಿಗೆ ಕೈ ಮುಗಿದದ್ದನ್ನು ಈ ಜನ್ಮದಲ್ಲಿ ಕಂಡೆ. ಅವಳು ನೋಡದಿದ್ದಾಗ ಚಪ್ಪಲಿ ಕಳಚಿ ಎತ್ತಿದ. ಲಾಳಿ ನಿಲ್ಲಲಿಲ್ಲ. ಏನೂ ಅರಿಯದ ಶಿವರಂಜನಿ, ನೋಡುವವರು ಏರುತ್ತಿದ್ದಾರೆಂದು ಅವನಿಗೆ ಹೆಬ್ಬೆರಳು ತೋರಿಸಿದಳು.

ವೀರು ಚಪ್ಪಲಿ ಮೆಟ್ಟಿಕೊಂಡು ಮೇನ್ ಸ್ವಿಚ್ಚಿನ ಕಡೆ ಹೊರಟ. ಬೆಳಕು ಹೋದರೆ ಅವಳಿಗೆ ಏನು ಕಾದಿದೆ ಎಂದು ನನಗೆ ಗೊತ್ತಿತ್ತು. ಗಂಟು ಎಳೆದುಕೊಂಡು ಹೋಗಿ ಮಗ್ಗದ ಪಕ್ಕ, ಆ ಬೆಳಕಿನಲ್ಲೇ ಕೂತೆ. ಚೀಟಿ ಕತ್ತರಿಸತೊಡಗಿದೆ.

"ಈ ಅಜ್ಜಿ ಏನ್ ಮಾಡ್ತಿದಾರೆ ಅಂತ ಕೇಳ್ತಿದಾರೆ," ಎಂದು ಶಿವರಂಜನಿ ರೂಢಿಯಂತೆ ಓದಿಬಿಟ್ಟು, ನಾಲಿಗೆ ಕಚ್ಚಿಕೊಂಡಳು.

"ಸೂರತ್ ಸೀರಿ ಚೀಟಿ ಕೀಳಾಕತ್ತೀನ್ರೀ," ಎಂದೆ. "ಇದನ್ನ ಕಿತ್ತು ಈಕಿ ಚಿತ್ರ ಹಚ್ಚೂದು ನನ್ನ ಉದ್ಯೋಗ. ಈಕಿ ಗೌರಮ್ಮ ಅಲ್ರಿ, ಶಮಶಾದಬಿ. ಈಕಿ ನೇಯ್ದ ಸೀರಿ ಒಂದೂ ನಿಮ್ಮ ಮನಿಗೆ ಬಂದಿಲ್ಲ. ಅದು ಇನ್ನ ಇಲ್ಲೇ ಮಗ್ಗದ ಮ್ಯಾಲ ಐತಿ, ನೋಡ್ರಿ."

ಬೆಳಕು ಹೋಯಿತು. ಕರಿ ಬಟ್ಟೆ ಹೊಡೆದ ಶೆಡ್ಡಿನಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. ವೀರುವಿನ ಚಪ್ಪಲಿ ಸಪ್ಪಳ ನಮ್ಮ ಕಡೆ ಬರುತ್ತಿತ್ತು. ಶಮಶಾದಬಿ ಕತ್ತಲಲ್ಲೂ ನೇಯುತ್ತಿದ್ದಳು. ನಾನು ಕತ್ತರಿ ಹಿಡಿದುಕೊಂಡೇ ಎದ್ದು, ಅವಳಿಗೆ ಅಡ್ಡ ನಿಂತೆ.