ಡ್ರೈವರ್ ಸೀಟಿನ ಭಾರ

ನಮ್ಮ ಮನೆಯ ಗೇಟಿನ ಎದುರಿಗೆ, ಓಣಿಯ ಆಚೆ, ಯಮನೂರಪ್ಪನ ಮನೆಯ ಸುಣ್ಣದ ಗೋಡೆ. ಆ ಗೋಡೆಯ ಮೇಲೆ ಒಂದು ಸಂಜೆ ಎರಡು ಬೆಳಕಿನ ಚಕ್ರಗಳು ಬಿದ್ದವು. ಒಂದು ಕಿಟಕಿಯ ಕೆಳಗೆ, ಇನ್ನೊಂದು ಸೂರಿನ ಹತ್ತಿರ. ಅಪ್ಪ ಸ್ಕ್ರೂಡ್ರೈವರನ್ನು ಬಾಯಲ್ಲಿ ಕಚ್ಚಿಕೊಂಡು ಅವನ್ನೇ ನೋಡುತ್ತ ನಿಂತಿದ್ದರು. ನಾನು ಕಾರಿನ ಡ್ರೈವರ್ ಸೀಟಿನಲ್ಲಿ ಕೂತು, ಅವರು ಹೇಳಿದಾಗ ದೀಪ ಹಾಕುವುದು, ಹೇಳಿದಾಗ ಆರಿಸುವುದು ಮಾಡುತ್ತಿದ್ದೆ. ನನಗಾಗ ಹದಿಮೂರು ವರ್ಷ. ಅವ್ವ ತೀರಿಕೊಂಡು ಒಂದೂವರೆ ವರ್ಷವಾಗಿತ್ತು.

ಅವ್ವ ತೀರಿಕೊಂಡದ್ದು ಅದೇ ಕಾರಿನಲ್ಲಿ. ಎಡಗಡೆಯ ಬಾಗಿಲು ಬದಲಾಯಿಸಿ, ಬಣ್ಣ ಹೊಡೆಸಿ ತಂದು ಅಂಗಳದಲ್ಲಿ ನಿಲ್ಲಿಸಿದ ಅಪ್ಪ ಅದನ್ನು ಮಾರಲೂ ಇಲ್ಲ, ಹತ್ತಲೂ ಇಲ್ಲ. ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ, ಹೊಗೆ ಬರುವುದನ್ನು ನೋಡಿ, ಬಂದ್ ಮಾಡಿ ಒಳಗೆ ಹೋಗುತ್ತಿದ್ದರು. ಹಾಗಿರುವಾಗ ಒಂದು ದಿನ ಎಲ್ಲಿಂದಲೋ ಒಂದು ದೊಡ್ಡ ಡಬ್ಬಿ ಹೊತ್ತು ಬಂದರು. ಅದರಲ್ಲಿ ಎರಡು ಹೊಸ ಹೆಡ್‌ಲೈಟುಗಳು. ಕಾರಿನ ಕಂಪನಿಯವಲ್ಲ, ಬೇರೆಯವರು ಮಾಡಿದ್ದು, ಹಳೆಯವಕ್ಕಿಂತ ಎರಡು ಪಟ್ಟು ಬೆಳಕಿನವು.

ಓಣಿಯ ತುದಿಯಲ್ಲೇ ಗ್ಯಾರೇಜಿತ್ತು. ಅಲ್ಲಿಗೆ ಒಯ್ಯೋಣ ಅಂದೆ. "ಬ್ಯಾಡ, ಮನ್ಯಾಗ ಹಾಕೂನು" ಅಂದರು. ಎಣ್ಣೆಯಂಗಡಿಯ ಗಲ್ಲೆಯ ಮೇಲೆ ಆಯುಷ್ಯ ಕಳೆದವರು ಅಪ್ಪ. ಮನೆಯ ಬಲ್ಬು ಬದಲಾಯಿಸಬೇಕೆಂದರೂ ಸ್ಟೂಲು ಹಿಡಿಯಲು ಇಬ್ಬರು ಬೇಕು. ಅಂಥವರು ಎರಡು ರವಿವಾರ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ವಯರು ಜೋಡಿಸಿದರು. ಮೊದಲ ಸಲ ದೀಪದ ಸ್ವಿಚ್ ಒತ್ತಿದಾಗ ಹಾರ್ನ್ ಬಡಿಯಿತು. ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಅವ್ವ ಹೋದ ಮೇಲೆ ನಾನು ನಕ್ಕದ್ದು ಅಂದೇ ಮೊದಲು, ಅಪ್ಪನೂ ನಕ್ಕರೇನೋ, ಮುಖ ಒಳಗಿದ್ದುದರಿಂದ ಕಾಣಲಿಲ್ಲ. ಗ್ಯಾರೇಜಿಗೆ ಯಾಕೆ ಒಯ್ಯಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹೊಸ ದೀಪ ಯಾಕೆ ಎಂದು ಅಲ್ಲಿ ಯಾರಾದರೂ ಕೇಳುತ್ತಿದ್ದರು.

ದೀಪಗಳು ಹತ್ತಿದವು, ಆದರೆ ಒಂದು ನೆಲ ನೋಡಿತು, ಇನ್ನೊಂದು ಸೂರು ನೋಡಿತು. ಅವನ್ನು ಸಮ ಮಾಡುವ ಬಗೆ ಡಬ್ಬಿಯೊಳಗಿನ ಕಾಗದದಲ್ಲಿ ಬರೆದಿತ್ತು. ಸಪಾಟಾದ ನೆಲ ಬೇಕು, ಎದುರಿಗೆ ಗೋಡೆ ಬೇಕು, ಡ್ರೈವರ್ ಸೀಟಿನಲ್ಲಿ ಒಬ್ಬ ಆಳಿನ ಭಾರ ಇರಬೇಕು. ಅಪ್ಪ ಆ ಕೊನೆಯ ಸಾಲನ್ನು ಮೂರು ಸಲ ಓದಿದರು.

"ನೀ ಭಾಳ ಹಗುರ ಆದಿ" ಅಂದರು.

"ಜೋಳದ ಚೀಲ ಇಡೂನೇನು?"

"ಚೀಲ ಸ್ವಿಚ್ ಒತ್ತತೈತೇನು?" ಅಂದು ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, "ಹೋಗಿ ಯಮನೂರಪ್ಪನ್ನ ಕರಕೊಂಡು ಬಾ" ಅಂದರು.

ಚೀಲ ಇಟ್ಟು ಪಕ್ಕದಲ್ಲಿ ನಾನು ನಿಂತು ಸ್ವಿಚ್ ಒತ್ತಬಹುದಿತ್ತು. ಅದು ಅಪ್ಪನಿಗೂ ಗೊತ್ತಿತ್ತು.

ಯಮನೂರಪ್ಪ ಒಂಬತ್ತು ವರ್ಷ ನಮ್ಮ ಕಾರಿನ ಡ್ರೈವರ್ ಆಗಿದ್ದವನು. ಅವ್ವ ತೀರಿಕೊಂಡ ಸಂಜೆ ಕಾರು ನಡೆಸುತ್ತಿದ್ದವನೂ ಅವನೇ. ಹಿಂದಿನ ಸೀಟಿನಲ್ಲಿ ಕೂತರೆ ವಾಂತಿ ಬರುತ್ತದೆಂದು ಅವ್ವ ಮುಂದೆ, ಅವನ ಎಡಕ್ಕೆ ಕೂತು ಕಣ್ಣು ಮುಚ್ಚಿದ್ದಳು. ನಾನು ಹಿಂದೆ. ಕತ್ತಲು ಕವಿಯುವ ಹೊತ್ತಿಗೆ, ದೀಪವಿಲ್ಲದೆ ರಸ್ತೆಯ ಮೇಲೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಕಾರಿನ ಎಡಭಾಗ ಹೋಗಿ ಬಡಿಯಿತು. ಯಮನೂರಪ್ಪನ ತಲೆಗೆ ಪೆಟ್ಟಾಗಿ ನಾಲ್ಕು ದಿನ ಎಚ್ಚರವಿರಲಿಲ್ಲ. ಆ ನಾಲ್ಕು ದಿನಗಳಲ್ಲಿ ಮಾತಾಡಿಸಲು ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳಿದರು, "ಡ್ರೈವರ್ ನಿದ್ದಿ ಹೋಗಿದ್ದ." ಪೊಲೀಸರು ನನ್ನನ್ನು ಕೇಳುವ ಮುಂಚೆ ನನ್ನ ಪಕ್ಕ ಕೂತು, "ನೀನೂ ಮಲಗಿದ್ದಿ, ನಿನಗೇನೂ ಗೊತ್ತಿಲ್ಲ" ಅಂದರು. ನಾನು ಹಾಗೆಯೇ ಹೇಳಿದೆ. ಆ ಒಂದು ಮಾತಿಗೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಅಲ್ಲಿಂದ ಮುಂದೆ ಊರಿನಲ್ಲಿ ಯಾರೂ ಅವನ ಕೈಗೆ ಸ್ಟೀರಿಂಗ್ ಕೊಡಲಿಲ್ಲ. ಮಲಗುವ ಡ್ರೈವರ್ ಎಂಬ ಹೆಸರು ಅಂಟಿಕೊಂಡಿತು. ಹಿಟ್ಟಿನ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಎದುರು ಮನೆಯಲ್ಲೇ ಇದ್ದರೂ ನಮ್ಮ ಗೇಟಿನ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದ.

ಕರೆದಾಗ ಅವನು ಏನೂ ಕೇಳಲಿಲ್ಲ. ಮೈಮೇಲಿನ ಹಿಟ್ಟು ಕೊಡವಿಕೊಂಡು, ಕಾರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸೀಟಿನಲ್ಲಿ ಕೂತ. ಕೂತ ಕೂಡಲೇ ಅವನ ಕೈ ತಾನಾಗಿಯೇ ಕನ್ನಡಿಯನ್ನು ಸರಿ ಮಾಡಿತು. ನಾನು ಹಿಂದಿನ ಬಾಗಿಲು ತೆಗೆದು ಅವನ ಹಿಂದೆ ಕೂತೆ. ಬೇರೆ ಎಲ್ಲಿ ಕೂತಿದ್ದರೂ ಆಗುತ್ತಿತ್ತು.

"ದೀಪ ಹಾಕು" ಅಂದರು ಅಪ್ಪ.

ಗೋಡೆಯ ಮೇಲೆ ಮತ್ತೆ ಎರಡು ಚಕ್ರಗಳು ಮೂಡಿದವು. ಅಪ್ಪ ಕಾರಿನ ಮುಂದೆ ಮಂಡಿಯೂರಿ ಸ್ಕ್ರೂ ತಿರುಗಿಸತೊಡಗಿದರು.

"ಬಲಗಡೀದು ಇನ್ನೂ ಎರಡು ಬೆರಳ ಕೆಳಗ ಬರಲ್ರಿ" ಅಂದ ಯಮನೂರಪ್ಪ.

"ಈಗ?"

"ಒಂಚೂರು ಹೆಚ್ಚಾತು. ಹಾಂ, ಸಾಕು."

ಒಂದೂವರೆ ವರ್ಷದಲ್ಲಿ ಅವರಿಬ್ಬರೂ ಆಡಿದ ಮೊದಲ ಮಾತುಗಳು ಇವು. ಕೇಳಿದವರಿಗೆ ನಡುವೆ ಏನೂ ಆಗಿಲ್ಲವೆಂದು ಅನ್ನಿಸಬೇಕು, ಅಷ್ಟು ಸಲೀಸಾಗಿತ್ತು. ಚಕ್ರಗಳು ಒಂದೇ ಮಟ್ಟಕ್ಕೆ ಬಂದು ನಿಂತವು. ಕೆಲಸ ಮುಗಿದಿತ್ತು. ಅಪ್ಪ ಮಾತ್ರ ಏಳಲಿಲ್ಲ.

ಬೆಳಕು ನೇರವಾಗಿ ಅವರ ಮುಖದ ಮೇಲಿತ್ತು. ಗಡ್ಡದ ಬಿಳಿ ಕೂದಲು ಒಂದೊಂದೂ ಕಾಣುತ್ತಿತ್ತು. ಅವರಿಗೆ ನಾವು ಕಾಣುತ್ತಿರಲಿಲ್ಲ. ಕಂಡಿದ್ದರೆ ಬಹುಶಃ ಬಾಯಿ ಬಿಡುತ್ತಿರಲಿಲ್ಲ.

"ಯಮನೂರಪ್ಪ," ಅಂದರು. "ನೀ ನಿದ್ದಿ ಹೋಗಿರಲಿಲ್ಲ. ದೀಪ ಮಂದ ಅದಾವ, ಬದಲಿ ಮಾಡ್ರಿ ಅಂತ ನೀ ಎಷ್ಟು ಸಲ ಹೇಳಿದ್ದಿ. ನಾನು ಮುಂದಿನ ತಿಂಗಳು, ಮುಂದಿನ ತಿಂಗಳು ಅಂದೆ. ಆಕೀ ಹೋದ ಮ್ಯಾಲೆ ಅದನ್ನ ಯಾರ ಮುಂದ ಹೇಳ್ಲಿ? ನಿನ್ನ ಮ್ಯಾಲೆ ಹಾಕಿದೆ. ತಪ್ಪು ನಂದು."

ಯಮನೂರಪ್ಪ ಬೈಯುತ್ತಾನೆ, ಇಳಿದು ಹೋಗುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಇಲ್ರಿ ಸಾಹುಕಾರ್ರ," ಅಂದ ಮೆಲ್ಲಗೆ. "ನೀವು ದೊಡ್ಡ ಮನಸ್ಸು ಮಾಡಿ ಹಂಗ ಅಂತೀರಿ. ನಾ ನಿದ್ದಿ ಹೋಗಿದ್ದೆ."

"ಇಲ್ಲೋ ಯಪ್ಪಾ, ನಾ ಖರೇ ಹೇಳಾಕತ್ತೀನಿ."

"ನನಗ ಅವತ್ತಿಂದು ಒಂದೂ ನೆನಪಿಲ್ರಿ. ದವಾಖಾನ್ಯಾಗ ಕಣ್ಣು ತೆಗೆದಾಗ ಎಲ್ಲಾರೂ ಅದನ್ನ ಹೇಳಿದ್ರು. ನಾ ಅಂಥಾವ ಅಲ್ಲ ಅಂತ ಜಗಳಾಡಿದೆ. ಆಮ್ಯಾಲೆ ನೀಲವ್ವನೂ ಕೇಳಿದ್ಲು, ಯಾಕ ಮಲಗಿದ್ರಿ ಅಂತ. ಕಟ್ಟಿಕೊಂಡಾಕೀನ ಕೇಳಿದ ಮ್ಯಾಲೆ ಮಲಗಿರಬೇಕು ಅನ್ನಿಸ್ತು. ಈಗ ಕನಸಿನ್ಯಾಗೂ ಅದ ಬರತೈತ್ರಿ. ನಾ ಸ್ಟೀರಿಂಗ್ ಮ್ಯಾಲೆ ತಲಿ ಇಟ್ಟು ಮಲಗಿದ್ದು ನನಗ ಕಾಣತೈತಿ."

ಅಪ್ಪ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕಾರಿನ ಕಡೆ ನೋಡುತ್ತಿದ್ದರು. ತಾವು ಹೇಳಿದ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಂದಿದ್ದರು, ಅದು ಬರಲು ಒಪ್ಪಲಿಲ್ಲ. ಅವರ ಬಳಿ ಬೇರೆ ಸಾಕ್ಷಿ ಇರಲಿಲ್ಲ. ಆ ಸಂಜೆ ಅವರು ಕಾರಿನಲ್ಲೇ ಇರಲಿಲ್ಲ. ಇದ್ದವಳು ನಾನು.

ಅವನ ಕುತ್ತಿಗೆ ನನ್ನ ಕಣ್ಣಿನ ಮುಂದೆಯೇ ಇತ್ತು.

"ಕಾಕಾ, ನೀವು ಮಲಗಿರಲಿಲ್ಲ" ಅಂದೆ.

ಅವನು ತಿರುಗಲಿಲ್ಲ. "ನೀನೂ ಮಲಗಿದ್ದಿ ಅಂದಾರಲ್ಲ ತಂಗಿ."

"ಅದು ಸುಳ್ಳು. ನಾ ಎಚ್ಚರ ಇದ್ದೆ. ನೀವು ನನಗ ಆಡಿನ ಕತಿ ಹೇಳಾಕತ್ತಿದ್ರಿ."

"ಯಾವ ಆಡು?"

"ನಿಮ್ಮ ಲೈಸೆನ್ಸ್ ತಿಂದ ಆಡು. ನೀಲವ್ವಕ್ಕ ತವರಿಗೆ ಹೋಗಿದ್ಲು. ನೀವು ಮೇವು ಹಾಕೂದು ಮರ್ತಿದ್ರಿ. ಅದು ಗೂಟಕ್ಕ ನೇತುಹಾಕಿದ್ದ ಅಂಗಿ ಎಳೆದು, ಕಿಸೆದಾಗಿನ ಲೈಸೆನ್ಸ್ ತಿಂತು. ಬಾಯಿಂದ ಕಸಗೊಂಡಾಗ ಬರೇ ನಿಮ್ಮ ಫೋಟೋ ಉಳಿದಿತ್ತು."

ಸ್ಟೀರಿಂಗ್ ಮೇಲಿದ್ದ ಅವನ ಬೆರಳುಗಳು ಬಿಗಿಯಾದವು.

"ಅದನ್ನ ನಾ ಯಾರ ಮುಂದೂ ಹೇಳಿಲ್ಲ" ಅಂದ. "ನೀಲವ್ವಗೂ ಹೇಳಿಲ್ಲ. ಬೈತಾಳ ಅಂತ, ಲೈಸೆನ್ಸ್ ಕಳೀತು ಅಂದಿದ್ದೆ." ಮತ್ತೆ ಅವನೇ ಕೇಳಿದ, "ಆಮ್ಯಾಲೆ?"

"ಆ ಫೋಟೋ ತಗೊಂಡು ಆಫೀಸಿಗೆ ಹೋದೆ ಅಂದ್ರಿ. ಅವರು ಏನಂದ್ರು ಅಂತ ನಾ ಕೇಳಿದೆ. ನೀವು ಹೇಳಲಿಲ್ಲ. ಮುಂದಕ್ಕ ಬಗ್ಗಿದ್ರಿ. 'ತಡಿ ತಂಗಿ, ರಸ್ತಾ ಕಾಣವಲ್ದು' ಅಂದ್ರಿ. ಅಷ್ಟ."

ಅವನು ಮೆಲ್ಲಗೆ ಮುಂದಕ್ಕೆ ಬಗ್ಗಿದ. ಎದೆ ಸ್ಟೀರಿಂಗಿಗೆ ತಾಗುವವರೆಗೆ ಬಗ್ಗಿ, ಗಾಜಿನ ಆಚೆ ಕಣ್ಣು ನೆಟ್ಟು ಹಾಗೆಯೇ ಇದ್ದ. ನೆನಪು ಬಂತೋ ಇಲ್ಲವೋ ನನಗೆ ಗೊತ್ತಿಲ್ಲ, ಮುಂದೆಯೂ ನಾನು ಕೇಳಲಿಲ್ಲ. ಅವನ ಭುಜಗಳು ಅಲುಗುತ್ತಿದ್ದವು. ಆಚೆ ಅಪ್ಪ ಸ್ಕ್ರೂಡ್ರೈವರನ್ನು ನೆಲಕ್ಕಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ನನಗೂ ಅಳು ಬಂತು. ಇಷ್ಟೇ ಮಾತನ್ನು ಹೇಳಲು ನಾನು ಒಂದೂವರೆ ವರ್ಷ ತೆಗೆದುಕೊಂಡಿದ್ದೆ, ಅದೂ ಓಣಿ ದಾಟಿದರೆ ಅವನ ಮನೆ.

ಯಮನೂರಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಬಾಗಿಲಿನಿಂದ ತಲೆ ಹೊರಹಾಕಿದ. "ನೀಲವ್ವಾ" ಎಂದು ಕೂಗಿದ. ಮತ್ತೊಮ್ಮೆ ಕೂಗಿದ.

ನೀಲವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಬೆಳಕು ಕಣ್ಣಿಗೆ ಹೊಡೆದದ್ದಕ್ಕೆ ಹಣೆಗೆ ಕೈ ಅಡ್ಡ ಹಿಡಿದು, "ಯಾರದು, ಏನಾತು?" ಅಂದಳು.

"ಇನ್ನೊಮ್ಮೆ ಹೇಳು ತಂಗಿ" ಅಂದ ಅವನು. "ಆಕೀಗೆ ಕೇಳೂ ಹಂಗ ಹೇಳು."

ನಾನು ಕಿಟಕಿಯ ಗಾಜು ಇಳಿಸಿ, ಆಡಿನಿಂದ ಶುರು ಮಾಡಿದೆ.