ತೊಳೆದ ಡ್ರಮ್ಮು

"ಏ ಗ್ರ್ಯಾಜುಯೇಟ್, ಉಗುರಿಲೆ ಕೆರಿ. ಬಿಎಸ್ಸಿ ಮಾಡಿದ ಉಗುರು, ಸವಿಯಂಗಿಲ್ಲ."

ಮುಕಾದಮ ಸಿದ್ದಲಿಂಗಯ್ಯ ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಡ್ರಮ್ಮಿನ ಮೇಲೆ ಅಂಟಿಸಿದ್ದ ಚೀಟಿಯನ್ನು ಕೆರೆಯುತ್ತಿದ್ದೆ. ಸೀಮೆಎಣ್ಣೆ ಹಚ್ಚಿ ಉಜ್ಜಿದರೂ ತಲೆಬುರುಡೆಯ ಚಿತ್ರ ಬೇಗ ಬಿಡುತ್ತಿರಲಿಲ್ಲ. ಹಲ್ಲಿನ ಸಾಲು ಕೊನೆಗೆ ಹೋಗುತ್ತಿತ್ತು. ಆಚೆ ಮೇ ತಿಂಗಳ ಬಿಸಿಲಲ್ಲಿ ಅವ್ವ, ಪಕ್ಕದ ಮನೆಯ ಚಂದ್ರಮ್ಮ, ಉಳಿದ ಹೆಂಗಸರು ಡ್ರಮ್ಮುಗಳೊಳಗೆ ಅರ್ಧ ಮೈ ತೂರಿಸಿ ಬೂದಿ ಹಾಕಿ ತಿಕ್ಕುತ್ತಿದ್ದರು.

"ಮುಕಾದಮ್ರೀ, ಇವನ್ನ ಒಡದು ಹೂಳಬೇಕಂತ ಚೀಟಿ ಮ್ಯಾಲೆ ಬರದೈತ್ರಿ."

"ಅದಕ ಕೆರಿ ಅಂದದ್ದು. ನಿಮ್ಮವ್ವ ಇದರಾಗ ತಲಿ ಹಾಕಿ ನಿನ್ನ ಓದಿಸ್ಯಾಳ. ಆಕಿಗೆ ನೀ ಓದಿ ಹೇಳಬ್ಯಾಡ. ನಡಿ, ಜಲ್ದಿ."

ನಾನು ಮತ್ತೆ ಬಗ್ಗಿದೆ. ಈ ನೆರಳಿನ ಕೆಲಸ ಮಗಳಿಗೆ ಸಿಗಲೆಂದು ಅವ್ವ ಅವನ ಕಾಲು ಹಿಡಿದಿದ್ದಳು.

ನಾಗಪುರದ ಹೊರಗೆ ಹಿಂಗಣಾದ ಆ ಕಾರ್ಖಾನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧ ಕಲಸುತ್ತಿದ್ದರು. ಭೋಪಾಳದ ಸುದ್ದಿ ಬಂದ ಮೇಲೆ ಸರಕಾರದ ಸಾಹೇಬರು ಬಂದು ಹಳೆಯ ಡ್ರಮ್ಮುಗಳ ಲೆಕ್ಕ ಕೇಳತೊಡಗಿದರು. ಅದೇ ಹೊತ್ತಿಗೆ ಸಾಲುಮನೆಗಳ ನಮ್ಮ ಚಾಳಿನ ಹೆಂಗಸರು ಮಾಲೀಕ ಶೇಟನ ಕಾರು ಅಡ್ಡಗಟ್ಟಿ ನಲ್ಲಿ ಹಾಕಿಸಿಕೊಡೆಂದು ಕೂತರು. ಶೇಟ್ ನಕ್ಕು, ನಲ್ಲಿಯ ಬದಲು ಟ್ಯಾಂಕರಿನ ನೀರು ತುಂಬಿಡಲು ಆ ತೊಳೆದ ಡ್ರಮ್ಮುಗಳನ್ನೇ ಮನೆಗೊಂದು ಕೊಟ್ಟ. ಸಾಹೇಬರಿಗೆ ತೋರಿಸಲು ಡ್ರಮ್ಮೂ ಉಳಿಯಲಿಲ್ಲ, ಹೆಂಗಸರ ಬಾಯಲ್ಲಿ ಮಾತೂ ಉಳಿಯಲಿಲ್ಲ. ಇಂಡಿ ಕಡೆಯ ಹಳ್ಳಿಯಲ್ಲಿ ಮೇಲ್ಜಾತಿ ಮಂದಿಯ ಬಾವಿಕಟ್ಟೆಯ ಕೆಳಗೆ ಕೊಡ ಹಿಡಿದು ಕಾದವಳು ನಮ್ಮವ್ವ. ಮನೆಯ ಮುಂದೆ ಎದೆಮಟ್ಟ ಸ್ವಂತ ನೀರು ನಿಂತದ್ದು ನೋಡಿ ಡ್ರಮ್ಮಿಗೆ ಅರಿಶಿನ ಕುಂಕುಮ ಹಚ್ಚಿದಳು.

ಆ ಚೀಟಿಯ ಮೇಲೆ ಪರದೇಶದ ಊರಿನ ಹೆಸರಿತ್ತು. ಅಲ್ಲಿಯವರು ತಮ್ಮ ಹೊಲಕ್ಕೆ ಈ ಔಷಧ ಹೊಡೆಯುವುದು ಬಿಟ್ಟು ವರ್ಷಗಳಾಗಿದ್ದವು. ಮಣ್ಣಿಗೆ ಬಿದ್ದರೆ ಹೋಗುವುದಿಲ್ಲ, ಹಿಮದ ನಾಡಿನ ಹಕ್ಕಿಗಳ ಕೊಬ್ಬಿನಲ್ಲೂ ಸಿಕ್ಕಿದೆ, ತಾಯಿಯ ಹಾಲಿಗೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ನಾನು ಪಾಸಾಗಿದ್ದೆ. ಚಾಳಿನಲ್ಲಿ ಒಬ್ಬರಿಗೂ ಹೇಳಲಿಲ್ಲ. ಬೂದಿ ಹಾಕಿ ತೊಳೆದಿದ್ದಾರಲ್ಲ, ಹೋಗಿರಬಹುದು ಅಂದುಕೊಂಡೆ. ಹಾಗೆ ಅಂದುಕೊಂಡವಳು ಕಾರ್ಖಾನೆಯ ಮಡಕೆಯ ನೀರನ್ನೇ ಹೊಟ್ಟೆ ತುಂಬ ಕುಡಿದು ಬರುತ್ತಿದ್ದೆ. ಮನೆಯಲ್ಲಿ ನನಗೆ ನೀರಡಿಕೆಯೇ ಆಗುತ್ತಿರಲಿಲ್ಲ.

ಭಾನುವಾರ ಕಲಾವತಿಯ ಮಗುವನ್ನು ತೊಟ್ಟಿಲಿಗೆ ಹಾಕಿದರು. ಕಲಾವತಿ ಚಂದ್ರಮ್ಮನ ಮಗಳು, ನನ್ನ ಓರಗೆಯವಳು. ಬಾಣಂತಿ ನೀರು ಹೆಚ್ಚು ಕುಡಿದರೆ ಹಾಲು ಇಳಿಯುತ್ತದೆಂದು ಚಂದ್ರಮ್ಮ ಡ್ರಮ್ಮಿನಿಂದ ತುಂಬಿ ತುಂಬಿ ಕೊಡುತ್ತಿದ್ದಳು. ಕಲಾವತಿ ಗಟಗಟ ಕುಡಿಯುತ್ತಿದ್ದಳು. ನಾನು ತೊಟ್ಟಿಲ ಹಗ್ಗ ಹಿಡಿದು ನೋಡುತ್ತಿದ್ದೆ.

ರಾತ್ರಿ ಪಾಳಿಗೆ ಹೆಂಗಸರನ್ನು ಕರೆಯಲು ಸಿದ್ದಲಿಂಗಯ್ಯ ಬಿಸಿಲು ಇಳಿಯುವ ಮೊದಲೇ ಬಂದ. ಚಂದ್ರಮ್ಮ ಅವನಿಗೆ ತಂಬಿಗೆ ಚಾಚಿದಳು.

"ಬರ್ರಿ ಮುಕಾದಮ್ರ, ಬಿಸಿಲಾಗ ಬಂದೀರಿ. ನೀರು ಕುಡೀರಿ."

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡವ್ವ. ನಿಮ್ಮ ಕೈಯಾಗಿನ ನೀರು ನಮಗ ನಡ್ಯಂಗಿಲ್ಲ."

ಅವನು ಬೆನ್ನು ತಿರುಗಿಸಿದೊಡನೆ ಚಂದ್ರಮ್ಮ ಉಗುಳಿದಳು. "ಥೂ, ಭಾಡ್ಯಾ. ನಾಗಪುರಕ್ಕ ಬಂದ್ರೂ ಕೊಳ್ಳಾಗಿನ ಲಿಂಗ ಇವಂಗ ನೀರು ಕುಡಿಯಾಕ ಬಿಡವಲ್ದು." ಅವಳು ಅದೇ ತಂಬಿಗೆ ಎತ್ತಿ ಹಟಕ್ಕೆ ಬಿದ್ದವಳಂತೆ ಪೂರಾ ಕುಡಿದಳು. ಹೆಂಗಸರೆಲ್ಲ ನಕ್ಕರು.

ನನ್ನ ಕೈ ಹಗ್ಗದ ಮೇಲೆ ನಿಂತುಹೋಯಿತು. ಹೋದ ವರ್ಷ ಇದೇ ಹೊಸ್ತಿಲಲ್ಲಿ ಕೂತು ಇವನು ಚಂದ್ರಮ್ಮನ ಕೈಯಿಂದಲೇ ಚಹಾ ಕುಡಿದಿದ್ದ. ಊರು ಬಿಟ್ಟ ಮ್ಯಾಲೆ ಎಂಥಾ ಜಾತಿ ಅಂದಿದ್ದ. ಹಾಗಾದರೆ ಇವನಿಗೆ ಗೊತ್ತಿದೆ. ತೊಳೆದರೂ ಹೋಗಿಲ್ಲವೆಂದು ಗೊತ್ತಿದೆ. ಅದನ್ನು ಮುಚ್ಚಲು ಜಾತಿಯನ್ನು ಮುಂದೆ ಹಿಡಿದ, ಇವರು ನಂಬಿದರು.

ನಾನು ಎದ್ದು ಮನೆಗೆ ಹೋದೆ. ನಮ್ಮ ಡ್ರಮ್ಮಿಗೆ ಬೆನ್ನು ಕೊಟ್ಟು, ಕಾಲು ಗೋಡೆಗೆ ಒತ್ತಿ ದೂಡಿದೆ. ಡ್ರಮ್ಮು ಧಡ್ಡೆಂದು ಉರುಳಿತು. ಬೆಳಿಗ್ಗೆ ಟ್ಯಾಂಕರ್ ಬಂದು ಹೋಗಿತ್ತು. ಇನ್ನು ಅದು ಬರುವುದು ಗುರುವಾರ.

ಹೆಂಗಸರು ಓಡಿ ಬಂದರು. ಅವ್ವ ನನ್ನ ಜಡೆ ಹಿಡಿದು ಎಳೆದು ಕೆನ್ನೆಗೆ ಹೊಡೆದಳು. "ನಿನ್ನ ಹೆಣಾ ಎತ್ತಲಿ. ತಲಿಗಿಲಿ ಕೆಟ್ಟೈತೇನ?"

"ಅದು ಇಸಾ, ಅವ್ವಾ. ಔಷಧದ್ದು. ಚೀಟಿ ಮ್ಯಾಲಿತ್ತು. ನಾನೇ ಕೆರದೆ."

ಸಿದ್ದಲಿಂಗಯ್ಯ ದಾರಿಯಲ್ಲೇ ನಿಂತಿದ್ದ. "ಶರಣವ್ವ, ಮಗಳಿಗೆ ಬಿಸಿಲು ಏರೈತಿ ನೋಡು. ನಾಳಿಂದ ಕೆಲಸಕ್ಕ ಕಳಸಬ್ಯಾಡ."

ಅವ್ವನ ಕೈ ಜಡೆಯಿಂದ ಕಳಚಿತು. ವರ್ಷಗಟ್ಟಲೆ ಆ ಡ್ರಮ್ಮುಗಳೊಳಗೆ ಅದ್ದಿ ತೆಗೆದ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಅತ್ತ ನೆಲ ಕುಡಿಯುವ ಮೊದಲೇ ಇಬ್ಬರು ಹೆಂಗಸರು ತಾಟಿನಿಂದ ಕೆಸರು ನೀರು ಬಳಿದು ಕೊಡಕ್ಕೆ ಹಾಕಿಕೊಳ್ಳುತ್ತಿದ್ದರು.

ನಾನು ಚಂದ್ರಮ್ಮನ ಮನೆಯತ್ತ ನಡೆದೆ. ಅವಳು ನನಗಿಂತ ಮೊದಲೇ ಓಡಿ ಹೋಗಿ ತನ್ನ ಡ್ರಮ್ಮನ್ನು ಎರಡೂ ತೋಳಲ್ಲಿ ತಬ್ಬಿ ಕೂತಿದ್ದಳು. ಒಳಗೆ ಮಗು ಅಳುತ್ತಿತ್ತು. ಕಲಾವತಿ ಸೆರಗಿನಡಿ ಅದನ್ನು ಎದೆಗೆ ಹಚ್ಚಿಕೊಂಡು ಬಾಗಿಲಿಗೆ ಬಂದು ನಿಂತಳು.

"ಮುಟ್ಟು ನೋಡೂಣು, ರಂಡೆ," ಎಂದಳು ಚಂದ್ರಮ್ಮ. "ಕೈ ಮುರೀತೀನಿ."

ನಾನು ಡ್ರಮ್ಮಿನ ಅಂಚು ಹಿಡಿದೆ. ಅವಳು ನನ್ನ ಮಣಿಕಟ್ಟಿಗೆ ಹಲ್ಲು ಊರಿದಳು. ನಾನು ಬಿಡಲಿಲ್ಲ.