ಮೂರು ವರ್ಷದ ಗುಂಡಿ

ಹನುಮಕ್ಕ ಖಾಲಿ ಹಾಲಿನ ಕವರುಗಳನ್ನು ತೊಳೆದು ಗೇಟಿನ ಪಕ್ಕದ ಹಗ್ಗಕ್ಕೆ ಸಿಕ್ಕಿಸುತ್ತಿದ್ದಳು. ಬೀದಿಯಲ್ಲಿ ಬಸವೇಶ್ವರನಗರದ ಪರಿಸರ ಸಂಘದವರು ಹಸಿರು ಟೀ ಶರ್ಟು ತೊಟ್ಟು ಸಸಿ ನೆಡುತ್ತಿದ್ದರು. ಮೊಮ್ಮಗಳು ಸ್ಪಂದನಳೇ ಅಧ್ಯಕ್ಷೆ. ಮೂರು ವರ್ಷದಿಂದ ಅದೇ ಗುಂಡಿ. ಫೋಟೋ ಆದ ಮೇಲೆ ನೀರು ಹಾಕುವ ಪುಣ್ಯಾತ್ಮ ಒಬ್ಬನೂ ಇಲ್ಲ. ಒಣಗಿದ್ದನ್ನು ಕಿತ್ತೆಸೆಯಲು ಮಾತ್ರ ಪ್ರತಿ ಜೂನಿಗೂ ತಪ್ಪದೆ ಬರುತ್ತಿದ್ದರು.

"ಅಜ್ಜೀ, ಆ ಕವರೆಲ್ಲ ಒಳಗೆ ತಗೋ, ವಿಡಿಯೋದಲ್ಲಿ ಗಲೀಜಾಗಿ ಕಾಣುತ್ತೆ. ಗೇಟಿನ ಮುಂದಿನ ಈ ಹೊಂಗೆ ಮರ ಕಡಿಸೋಕೂ ಅಪ್ಲಿಕೇಶನ್ ಹಾಕಿದೀವಿ. ನಮ್ಮ ಬೋರ್ಡಿಗೆ ಅಡ್ಡ ಬರುತ್ತೆ."

"ಏನಂತೆ ಬೋರ್ಡಲ್ಲಿ?"

"'ಮರ ಉಳಿಸಿ' ಅಂತ."

"ಉಳಿಸ್ರಮ್ಮ, ಚೆನ್ನಾಗಿ ಉಳಿಸಿ. ನೆರಳಿಗೆ ಬೋರ್ಡಿನ ಕೆಳಗೇ ಕೂತ್ಕೊಳ್ಳಿ."

ಆ ಹೊಂಗೆಯನ್ನು ಹನುಮಕ್ಕ ಅಕ್ಕಿ ತೊಳೆದ ನೀರು ಹಾಕಿ ಬೆಳೆಸಿದ್ದಳು. ಕಡಿಯುವ ಮಾತು ಎದ್ದಾಗಲೇ, ಅದನ್ನು ತಡೆಯಿರೆಂದು ಪಾಲಿಕೆಯ ಅರಣ್ಯಾಧಿಕಾರಿಗೆ ಪತ್ರ ಬರೆದಿದ್ದಳು. ಮೊಮ್ಮಗಳ ಮರ್ಯಾದೆ ಹೋದೀತೆಂದು ಕಳಿಸದೆ ಬಿಟ್ಟ ಆ ಪತ್ರ ಆರು ತಿಂಗಳಿಂದ ಅಕ್ಕಿ ಡಬ್ಬದಲ್ಲೇ ಇತ್ತು.

ಹನುಮಕ್ಕ ಕೈ ಒರೆಸಿಕೊಂಡು ಒಳಗೆ ಹೋಗಿ ಪತ್ರ ತೆಗೆದಳು. ಕಡಿಸುವವರು ಯಾರೆಂದು ಖಾಲಿ ಬಿಟ್ಟಿದ್ದ ಜಾಗದಲ್ಲಿ ಮೊಮ್ಮಗಳ ಹೆಸರನ್ನು ದುಂಡಗೆ ಬರೆದಳು. ಕ್ಯಾಮೆರಾದ ಮುಂದೆಯೇ ಹಾದು, ಅಂಚೆ ಕಚೇರಿಗೆ ನಡೆದು, ರಿಜಿಸ್ಟರ್ ಮಾಡಿಸಿ ಕಳಿಸಿದಳು.